ಮತೀನನ ಎದೆಬಡಿತ

ಆ ಗುರುವಾರ ಮುಂಜಾನೆ ಆಶಾಬಿ ಒಲೆಯ ಮುಂದೆ ಕುಳಿತು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಹಿರಿಯ ಮಗ ನಯೀಮ ಬುತ್ತಿ ಕಟ್ಟಿಕೊಂಡು ಪಕ್ಕದ ವಾಡಿಗೆ ಹೋಗುವ ರೈಲುಗಾಡಿ ಹಿಡಿಯಲು ಆಗಲೇ ಹೊರಟು ಹೋಗಿದ್ದ. ಅಲ್ಲಿ ಸಿಮೆಂಟ್ ಸಾಗಿಸುವ ಲಾರಿಗಳ ಆಫೀಸಿನಲ್ಲಿ ಅವನಿಗೆ ಕೆಲಸ. ಹೊರಡುವ ಮುಂಚೆ ಎದೆಯ ನಡುವೆ ಉರಿಯುತ್ತದೆ ಎಂದು ಅಂಗೈಯಿಂದ ಉಜ್ಜಿಕೊಂಡಿದ್ದ. "ರಾತ್ರಿ ಮಿರ್ಚಿ ಭಜಿ ತಿಂದಿಲ್ಲೇನು, ಗ್ಯಾಸ್ ಆಗ್ಯಾದ" ಎಂದು ಆಶಾಬಿಯೇ ಅಜವಾನ ಕುದಿಸಿದ ನೀರು ಕುಡಿಸಿ, ಬಿಸ್ಮಿಲ್ಲಾ ಅಂದು ಹೋಗೆಂದು ಬಾಗಿಲ ತನಕ ಬಂದು ಕಳಿಸಿದ್ದಳು.

ರೊಟ್ಟಿಯ ಬುಟ್ಟಿ ತುಂಬುವ ಮುಂಚೆ ಕಿರಿಯ ಮಗ ಮತೀನ ಬಾಗಿಲಲ್ಲಿ ಬಂದು ನಿಂತ. ಅವನು ಶಹಾಬಾದಿನಲ್ಲೇ ನೆಲಕ್ಕೆ ಹಾಸುವ ಪರಸಿ ಕಲ್ಲು ಕುಯ್ದು ಪಾಲಿಶ್ ಮಾಡುವ ಕಾರಖಾನೆಯಲ್ಲಿ ದುಡಿಯುವವನು. ತಲೆಯಿಂದ ಕಾಲಿನವರೆಗೆ ಕಲ್ಲಿನ ಹಸಿ ರಾಡಿ ಮೆತ್ತಿಕೊಂಡಿತ್ತು. ಕೈ ತೊಳೆಯದೆ ಅವನು ಎಂದೂ ಮನೆಗೆ ಬಂದವನಲ್ಲ.

"ಇಷ್ಟು ಜಲ್ದಿ ಯಾಕ ಬಂದಿ? ಮಷೀನು ಕೆಟ್ಟದೇನು?" ಎಂದಳು ಆಶಾಬಿ.

ಮತೀನ ರಾಡಿ ಹತ್ತಿದ ಕೈಯಿಂದಲೇ ಬಾಗಿಲ ಚೌಕಟ್ಟು ಹಿಡಿದುಕೊಂಡ.

"ಏನೋ? ಹೇಳೋ!"

"ಅಮ್ಮೀ, ಭಾಯಿ... ವಾಡಿ ಸ್ಟೇಷನ್‌ನ್ಯಾಗ ಮೆಟ್ಲ ಮ್ಯಾಲ ಬಿದ್ದಾನಂತ. ದವಾಖಾನಿಗಿ ಒಯ್ದ್ರಂತ."

"ಎಚ್ಚರ ಇದ್ದಾನಲ್ಲ?"

ನಯೀಮನ ಹೆಂಡತಿ ಶೈಸ್ತಾ ಒಳಗಿನಿಂದ ಓಡಿ ಬಂದು ಮೈದುನನ ತೋಳು ಹಿಡಿದು ಅಲುಗಿಸಿದಾಗ, "ಇಲ್ಲ ಭಾಭಿ, ಇಲ್ಲ" ಎಂದಷ್ಟೇ ಅಂದ. ಆಮೇಲೆ ಯಾರು ಏನು ಅಂದರೋ, ಯಾರು ಎಲ್ಲಿ ಬಿದ್ದರೋ ಆಶಾಬಿಗೆ ನೆನಪಿಲ್ಲ. ಒಲೆ ಆರಿಸಿದವಳು ಪಕ್ಕದ ಮನೆಯ ಕಮರುನ್ನೀಸಾ.

ಡಾಕ್ಟರು ಹಾರ್ಟ್ ನಿಂತಿದೆ ಎಂದು ಬರೆದುಕೊಟ್ಟರು. ಸಂಜೆಯ ಅಸರ್ ನಮಾಜಿನ ನಂತರ ಮಣ್ಣು ಮಾಡುವುದೆಂದು ಆಯಿತು. ಗೋರಿಯ ಮೇಲೆ ಮುಚ್ಚುವ ಪರಸಿಗಳನ್ನು ಮತೀನನೇ ಕಾರಖಾನೆಗೆ ಹೋಗಿ ಅಳತೆಗೆ ಕುಯ್ದು ತಂದ. ಬೇರೆಯವರು ಕುಯ್ಯುತ್ತೇವೆ ಎಂದರೂ ಕೇಳಲಿಲ್ಲ. ಗಂಡಸರು ಜನಾಜಾ ಹೊತ್ತು ನಡೆದರು. ಹೆಂಗಸರು ಮನೆಯಲ್ಲೇ ಉಳಿದು ಕುರಾನ್ ಓದಲು ಕುಳಿತರು.

ದೀಪ ಹಚ್ಚುವ ಹೊತ್ತಿಗೆ ಗಂಡಸರು ಮರಳಿದರು. ಮತೀನನನ್ನು ಇಬ್ಬರು ಎರಡೂ ಕಡೆ ಹಿಡಿದು ನಡೆಸಿಕೊಂಡು ಬಂದಿದ್ದರು. ಅವನ ತುಟಿ ಬೆಳ್ಳಗಾಗಿತ್ತು, ಕೈಬೆರಳು ಸೊಟ್ಟಗೆ ಸೆಟೆದುಕೊಂಡಿದ್ದವು. ಆಶಾಬಿ ಓದುವುದನ್ನು ಬಿಟ್ಟು ಬಾಗಿಲಿಗೆ ಓಡಿ ಬಂದಳು.

"ಏನಾತು ಇವನಿಗಿ? ಯಾ ಅಲ್ಲಾಹ್, ಏನಾತು?"

ಗಂಡ ಗುಲಾಮ ದಸ್ತಗೀರ ಟೊಪ್ಪಿಗೆ ತೆಗೆದು ಗೋಡೆಗೆ ಒರಗಿದ. "ಭಾಯಿಗಿ ಇಳಿಸ್ಕೊಳ್ತೀನಿ ಅಂತ ಗೋರಿನ್ಯಾಗ ಇಳ್ದಿದ್ದ. ಮ್ಯಾಲಿಂದ ಮಯ್ಯತ್ ಕೈಗಿ ಕೊಡೋಕಿನ ಮೊದಲ ಉಸುರು ಕಟ್ತು, ಎದಿ ಹಿಡ್ಕೊಂಡ. ಮ್ಯಾಲ ಎಳಕೊಂಡ್ವಿ. ಆಮ್ಯಾಲ ಓಣಿ ಹುಡುಗ ಚಾಂದ್ ಇಳ್ದು ಮಯ್ಯತ್ ಇಳಿಸ್ದ."

"ಎದಿ ಹಿಡ್ಕೊಂಡನಾ?" ಎಂದಳು ಆಶಾಬಿ. ಬೇರೆ ಯಾವ ಮಾತೂ ಅವಳ ಕಿವಿಗೆ ಬಿದ್ದಿರಲಿಲ್ಲ.

*

ಮೂರನೆಯ ದಿನದ ಜಿಯಾರತ್ ಮುಗಿದು ನೆಂಟರು ಊರಿಗೆ ಹೋದರು. ಶೈಸ್ತಾ ಗಂಡ ತೀರಿದವಳು ಮನೆ ಬಿಟ್ಟು ಹೊರಬೀಳದ ಇದ್ದತ್ತಿನ ನೇಮ ಹಿಡಿದು ಒಳಕೋಣೆಯಲ್ಲಿ ಕುಳಿತಳು. ಅವಳು ಆಶಾಬಿಯ ತಂಗಿಯ ಮಗಳೇ. ಸೊಸೆಯಾಗಿ ಬಂದ ಮೇಲೂ ಅತ್ತೆಯನ್ನು ಮೊದಲಿನಂತೆ ಖಾಲಾ, ಅಂದರೆ ದೊಡ್ಡಮ್ಮ, ಎಂದೇ ಕರೆಯುತ್ತಿದ್ದಳು. ಅವಳ ಮಗಳು ಶಗುಫ್ತಾ ಕಾಲೇಜಿಗೆ ಹೋಗುವ ಹುಡುಗಿ. ತಂದೆಯನ್ನು ಕಳೆದುಕೊಂಡ ಮೇಲೆ ಅವಳ ನಾಲಿಗೆ ಇನ್ನಷ್ಟು ಹರಿತವಾಯಿತು.

ಮತೀನ ಕೆಲಸಕ್ಕೆ ಹೋದ ಮೊದಲ ದಿನವೇ ಅವನನ್ನು ಆಟೋದಲ್ಲಿ ಹಾಕಿಕೊಂಡು ಬಂದರು. ಯಂತ್ರ ಶುರುವಾದ ಕೂಡಲೇ ಎದೆ ಹೊಡೆದುಕೊಂಡು, ಗಂಟಲು ಕಟ್ಟಿ, ಕೈ ಜುಮುಗುಟ್ಟಿ ನೆಲಕ್ಕೆ ಕುಳಿತನಂತೆ. ಆಸ್ಪತ್ರೆಯಲ್ಲಿ ಇಸಿಜಿ ಪಟ್ಟಿ ತೆಗೆದರು. ಏನೂ ಇಲ್ಲ ಎಂದರು. ಎರಡನೆಯ ಸಲ ಊಟದ ತಟ್ಟೆಯ ಮುಂದೆ ಬಂತು. ಆಗ ಆಶಾಬಿ ಹಟ ಹಿಡಿದು ಕಲಬುರಗಿಯ ದೊಡ್ಡ ದವಾಖಾನೆಗೆ ಕರೆದುಕೊಂಡು ಹೋದಳು. ಅಲ್ಲಿ ರಕ್ತ ನೋಡಿದರು, ಎದೆಯ ಮೇಲೆ ಯಂತ್ರ ಓಡಿಸಿ ಪರದೆಯಲ್ಲಿ ಹೃದಯ ನೋಡಿದರು. ಹೃದಯ ಗಟ್ಟಿಯಾಗಿದೆ, ಹೆದರಬೇಡಿ ಎಂದು ಕಳಿಸಿದರು.

"ನಯೀಮಂಗೂ ಏನೂ ಇದ್ದಿಲ್ಲ ಅಂತೇ ನಾನೂ ಅಂದಿದ್ದೆ" ಎಂದಳು ಆಶಾಬಿ. ಒಮ್ಮೆ ಹೃದಯವನ್ನು ಗ್ಯಾಸ್ ಎಂದು ಬಗೆದ ಹೆಂಗಸು ಇನ್ನು ಯಾವ ಪಟ್ಟಿಯನ್ನೂ ನಂಬುವ ಹಾಗಿರಲಿಲ್ಲ.

ಅಂದಿನಿಂದ ಮನೆಯ ಕಾಯಿದೆಯೇ ಬದಲಾಯಿತು. ಮತೀನ ಕೊಡ ಎತ್ತಬಾರದು, ಮೆಟ್ಟಿಲು ಹತ್ತಬಾರದು, ಬೈಕ್ ಒದೆಯಬಾರದು. ಸಾರಿಗೆ ಉಪ್ಪು ಬೀಳಬಾರದು, ಒಗ್ಗರಣೆಗೆ ಎಣ್ಣೆ ಬೀಳಬಾರದು. ಮೊಟ್ಟೆ ನಿಂತಿತು, ಮಾಂಸ ನಿಂತಿತು. ಮತೀನ ಮಲಗಿದರೆ ಆಶಾಬಿ ಹೋಗಿ ಮೂಗಿನ ಕೆಳಗೆ ಬೆರಳು ಹಿಡಿದು ಉಸಿರು ನೋಡುವಳು. ಕುಳಿತರೆ ಎದೆಯ ಮೇಲೆ ಅಂಗೈ ಇಡುವಳು. ಅವನು ಬೆಚ್ಚಿ ಕಣ್ಣು ಬಿಟ್ಟು, "ಏನಾತು ಅಮ್ಮೀ? ಹೆಚ್ಚಾಗ್ಯಾದೇನು?" ಎನ್ನುವನು. ಆಮೇಲೆ ಅವನೂ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟುಕೊಂಡು ಕೂರುವುದನ್ನು ಕಲಿತ. ಟಿ.ವಿ. ನೋಡುವಾಗಲೂ ಬೆರಳು ಅಲ್ಲೇ.

ಒಂದು ಮಧ್ಯಾಹ್ನ ಗುಲಾಮ ದಸ್ತಗೀರ ತಟ್ಟೆ ದೂಡಿದ.

"ಏ ಆಶಾ, ಇದೇನು ಬ್ಯಾಳಿನಾ, ತೊಳದ ನೀರಾ?"

"ಉಪ್ಪು ಎದಿಗಿ ಕೆಟ್ಟ."

"ಅವನ ಎದಿಗಿ ಕೆಟ್ಟ ಇದ್ರ ಅವನ ತಾಟಿನ್ಯಾಗ ಹಾಕಬ್ಯಾಡ. ನನಗೂ ಸತ್ತವರ ಲೆಕ್ಕದಾಗ ಹಾಕಿದ್ದಿ ಏನು?"

"ಸಾವಿನ ಮಾತು ಆಡಬ್ಯಾಡ್ರಿ ಅಂದೀನಿ ಈ ಮನ್ಯಾಗ!"

"ದಾದಿ, ಚಾಚಾಗ ಹಾರ್ಟ್ ಇಲ್ಲ ಅಂತ ಎಲ್ಲಾ ಡಾಕ್ಟರೂ ಹೇಳ್ಯಾರ" ಎಂದಳು ಶಗುಫ್ತಾ ಅಜ್ಜಿಗೆ, ಗುಟ್ಟಾಗಿ ಉಪ್ಪಿನಕಾಯಿ ನೆಕ್ಕುತ್ತ.

"ಹಾರ್ಟ್ ಇಲ್ದೆ ಹೆಂಗ ಬದಕ್ಯಾನ? ಮಾತಾಡೋದು ಕಲಿ ಮೊದಲ."

"ಹಾರ್ಟಿನ ಬ್ಯಾನಿ ಇಲ್ಲ ಅಂದೆ."

"ಡಾಕ್ಟರ್ ಆದಿ ಏನು ನೀ? ಇನ್ನಾ ಕಾಲೇಜಿನ ಮೆಟ್ಲ ಹತ್ತಿ ವರ್ಷ ಆಗಿಲ್ಲ."

ಒಳಕೋಣೆಯಿಂದ ಶೈಸ್ತಾಳ ಧ್ವನಿ ಬಂತು. ಅದು ಜೋರಾಗಿರಲಿಲ್ಲ, ಆದರೆ ಎಲ್ಲರ ಕೈ ತುತ್ತಿನಲ್ಲೇ ನಿಂತಿತು. "ಖಾಲಾ, ಈ ಪರಿ ಆರೈಕಿ ಅವತ್ತ ಮುಂಜಾನಿ ಅವ್ರಿಗಿ ಮಾಡಿದ್ರ..."

ಆಶಾಬಿ ತಟ್ಟೆಗಳನ್ನು ಎತ್ತಿಕೊಂಡು ಬಚ್ಚಲಿಗೆ ಹೋದಳು. ನೀರು ಸುರಿಯುವ ಸದ್ದು ಬಹಳ ಹೊತ್ತು ಕೇಳಿತು. ಪಾತ್ರೆ ತಿಕ್ಕುವ ಸದ್ದು ಮಾತ್ರ ಬರಲಿಲ್ಲ.

*

ಕಮರುನ್ನೀಸಾ ಒಳ್ಳೆಯ ಹೆಂಗಸು. ಸಾವಿನ ಮನೆಗೆ ಮೊದಲ ಅನ್ನ ತಂದವಳು ಅವಳೇ. ಆದರೆ ಕೇಳಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು ಅವಳಿಂದ ಆಗದು. ಒಂದು ದಿನ ಅಕ್ಕಿ ಆರಿಸುತ್ತ ಕುಳಿತವಳು ಸುತ್ತ ನೋಡಿ, ಧ್ವನಿ ತಗ್ಗಿಸಿದಳು.

"ಆಶಾಪಾ, ಹೇಳ್ಬೇಕೋ ಬಾರದೋ ಗೊತ್ತಿಲ್ಲ. ನಮ್ಮ ತವರಿನ ಕಡಿ ಹಿರೇರು ಅಂತಿದ್ರು. ತೆರದ ಗೋರಿನ್ಯಾಗ ಇಳ್ದವ ಮಯ್ಯತ್ ಇಳಿಸ್ದೆ ಖಾಲಿ ಕೈಲೆ ಮ್ಯಾಲ ಬರಬಾರ್ದಂತ. ಗೋರಿ ಅವನ ಗುರ್ತ ಹಿಡೀತದಂತ. ಕರೀತದಂತ."

ಆಶಾಬಿ ಕೈಯ ಮೊರ ಕೆಳಗಿಟ್ಟಳು. "ಯಾರು ಹೇಳ್ಯಾರ?"

"ಹೇಳ್ತಿದ್ರವ್ವ. ಖರೇನೋ ಸುಳ್ಳೋ. ಜ್ವಾಕಿ ಇರು."

ಆ ಮಾತು ಕೇಳಿದ ಆಶಾಬಿ ಮರುದಿನವೇ ದರ್ಗಾಕ್ಕೆ ಹೋಗಿ ತಾಯಿತ ತಂದು ಮತೀನನ ಕೊರಳಿಗೆ ಕಟ್ಟಿದಳು. ಇಪ್ಪತ್ತನೆಯ ದಿನದ ಫಾತಿಹಾ ಪ್ರಾರ್ಥನೆ ಬಂದಾಗ ಗಂಡಸರು ಕಬರಸ್ತಾನಕ್ಕೆ ಹೊರಟರು. ಮತೀನ ಚಪ್ಪಲಿ ಮೆಟ್ಟುತ್ತಿದ್ದ. ಆಶಾಬಿ ಬಾಗಿಲಿಗೆ ಅಡ್ಡ ನಿಂತಳು.

"ನೀ ಹೋಗಂಗಿಲ್ಲ."

"ಯಾಕ ಅಮ್ಮೀ?"

"ಬಿಸಿಲದ."

"ಬಿಸಿಲಾ? ಮಾಡ ಮುಚ್ಯಾದ" ಎಂದ ಗುಲಾಮ ದಸ್ತಗೀರ. "ತಮ್ಮ ಆದವ ಹೋಗ್ದಿದ್ರ ಮಂದಿ ಏನಂದಾರು?"

"ಮಂದಿ ಏನರೆ ಅನ್ಲಿ. ಗೋರಿ ಒಬ್ಬನ್ನ ಕರಕೊಂಡಾದ. ಇನ್ನೊಬ್ಬನ್ನ ಕೊಡಂಗಿಲ್ಲ ನಾ!"

ಬಾಯಿ ಜಾರಿತ್ತು. ಮತೀನ ಒಂದು ಚಪ್ಪಲಿ ಮೆಟ್ಟಿ ಇನ್ನೊಂದನ್ನು ಕೈಯಲ್ಲಿ ಹಿಡಿದು ತಾಯಿಯನ್ನೇ ನೋಡಿದ. ಅವನ ಹಣೆಯ ಮೇಲೆ ಬೆವರು ಒಡೆಯಿತು. ಬೆರಳು ಮಣಿಕಟ್ಟು ಹುಡುಕಿದವು. ಏನು, ಎತ್ತ ಎಂದು ಕೇಳಲೂ ಇಲ್ಲ. ಕಮರುನ್ನೀಸಾ ಬೀದಿಯಲ್ಲಿ ಎಷ್ಟು ಮಂದಿಗೆ ಹೇಳಿದ್ದಳೋ, ಅವನಿಗೆ ಅದು ಆಗಲೇ ಗೊತ್ತಿತ್ತು.

ಆ ದಿನದಿಂದ ಮತೀನ ಮಸೀದಿಗೂ ಹೋಗುವುದನ್ನು ಬಿಟ್ಟ. ಮಸೀದಿಯ ದಾರಿ ಕಬರಸ್ತಾನದ ಗೋಡೆಯ ಪಕ್ಕದಲ್ಲೇ ಹೋಗುತ್ತದೆ. ಸಂತೆಯ ದಾರಿಯೂ ಅದೇ. ಆಮೇಲೆ ಓಣಿಯ ತಿರುವಿನ ತನಕ ಮಾತ್ರ ಹೋದ, ಆಮೇಲೆ ಬಾಗಿಲ ಕಟ್ಟೆಯ ತನಕ. ಕೊನೆಗೆ ಕಟ್ಟೆಯೂ ಬೇಡವಾಗಿ ಹಾಸಿಗೆ ಹಿಡಿದ. ಕಾರಖಾನೆಯ ಮಾಲೀಕ ಎರಡು ಸಲ ಹೇಳಿ ಕಳಿಸಿ, ಬೇರೆಯವನನ್ನು ಇಟ್ಟುಕೊಳ್ಳುತ್ತೇನೆ ಎಂದ. ಗುಲಾಮ ದಸ್ತಗೀರ ಹಳೆಯ ಉಳಿ ಸುತ್ತಿಗೆ ಚೀಲಕ್ಕೆ ಹಾಕಿಕೊಂಡು, ಮೊಣಕಾಲು ನೋವಿನಲ್ಲೇ, ಯಾರದೋ ಮನೆಯ ಕಟ್ಟೆಗೆ ಪರಸಿ ಕೂಡಿಸಲು ಹೋಗತೊಡಗಿದ.

ಆಶಾಬಿಗೆ ಊಟ ಸೇರದಾಯಿತು. ಯಾರಾದರೂ ಬಾಗಿಲು ಬಡಿದರೆ ಜೀವ ಬಾಯಿಗೆ ಬರುತ್ತಿತ್ತು. ಸೆರಗಿನ ಒಳಗೆ ಎದೆಯನ್ನು ಒತ್ತಿ ಹಿಡಿದುಕೊಂಡು ಓಡಾಡುವಳು. ಶಗುಫ್ತಾ ಕೇಳಿದರೆ, "ನನಗೇನಾಗ್ಯಾದ? ನಿನ್ನ ಚಾಚಾನ ಚಿಂತಿ ನನಗ" ಎನ್ನುವಳು.

*

ಮುಂದಿನ ಸಲ ಬಂದದ್ದು ಬಲು ಜೋರಾಗಿತ್ತು. ಮತೀನ ಬಚ್ಚಲಲ್ಲಿ ಕುಸಿದು, "ಅಮ್ಮೀ, ಸಾಯಾಕತ್ತೀನಿ, ಕಲಿಮಾ ಹೇಳ್ಸು" ಎಂದ. ಆಶಾಬಿ ಬುರ್ಖಾ ತೊಟ್ಟದ್ದೂ ಅರಿಯದೆ ಅವನನ್ನು ಆಟೋದಲ್ಲಿ ತಾಲೂಕು ಆಸ್ಪತ್ರೆಗೆ ಒಯ್ದಳು. ಶಗುಫ್ತಾ ಜೊತೆಗಿದ್ದಳು. ಅಲ್ಲಿ ಹೊಸದಾಗಿ ಬಂದಿದ್ದ ಡಾಕ್ಟರ್ ಶೈಲಶ್ರೀ ಚಿಂಚೋಳಿಯ ಕಡೆಯವರು. ಮೊದಲು ಮತ್ತೆ ಇಸಿಜಿ ತೆಗೆಸಿ, ಹಳೆಯ ಕಾಗದಗಳನ್ನೆಲ್ಲ ನೋಡಿ, ಆಮೇಲೆ ಕುರ್ಚಿ ಎಳೆದುಕೊಂಡು ಕುಳಿತರು.

"ಏನೇನಾಗ್ತದ ಹೇಳ್ರಿ."

"ಎದಿ ಹಿಡೀತದ್ರಿ ಮೇಡಂ" ಎಂದಳು ಆಶಾಬಿ. "ಗಂಟಲಾಗ ಉಂಡಿ ನಿಂತಂಗ ಆಗ್ತದ. ಕೈ ಜುಮುಜುಮು ಅಂತಾವ, ಕಾಲಾಗ ಜೀವ ಇರಂಗಿಲ್ಲ, ತಣ್ಣನ ಬೆವರು ಬರ್ತದ."

"ಇದೆಲ್ಲ ಅವ್ರಿಗಿ ಆಗ್ತದೋ, ನಿಮಗೋ ಅಮ್ಮಾ?"

ಶಗುಫ್ತಾ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡಳು. ಡಾಕ್ಟರು ನರ್ಸಿಗೆ ಹೇಳಿ ಆಶಾಬಿಯದೂ ಪಟ್ಟಿ ತೆಗೆಸಿದರು, ರಕ್ತವನ್ನೂ ತೆಗೆಸಿದರು. ಎಲ್ಲ ಸರಿಯಾಗಿತ್ತು. ಆಮೇಲೆ ಮತೀನನ ಕಡೆ ತಿರುಗಿದರು.

"ಬಂದಾಗ ಸಾಯ್ತೀನಿ ಅನಸ್ತದೇನ್ರಿ?"

ಮತೀನ ಆಗ ತಲೆ ಎತ್ತಿದ. ಈ ತನಕ ಯಾರೂ ಅದನ್ನು ಕೇಳಿರಲಿಲ್ಲ. "ಹೌದ್ರಿ. ಪ್ರತೀ ಸಲ."

"ಭಾರ ಹೊತ್ತಾಗ ಬರ್ತದೋ, ಸುಮ್ಮ ಕುಂತಾಗೋ?"

"ಕುಂತಾಗ್ರಿ. ಉಣ್ಣಾಕತ್ತಾಗ. ಮಷೀನಿನ ಸಪ್ಪಳ ಕೇಳ್ದಾಗ. ಬರ್ತದೇನೋ ಅಂತ ಅಂಜ್ಕೋತ ಕುಂತಾಗ ಅಂತೂ ಬಂದೇ ಬರ್ತದ."

"ಆಮ್ಯಾಲ?"

"ಸ್ವಲ್ಪ ಹೊತ್ತಿಗಿ ತಾನೇ ಇಳೀತದ್ರಿ. ಮೈಯೆಲ್ಲ ಸೋತು ಹೋಗ್ತದ."

"ಖಣಿನ್ಯಾಗ ಕಲ್ಲು ಸಿಡಿಸಾಕ ಬಾರು ಹಾರಿಸೋ ಮೊದಲ ಸೀಟಿ ಊದ್ತಾರಲ್ಲ, ನೋಡೀರಿ?"

"ಹೌದ್ರಿ. ಎಲ್ಲಾರೂ ಓಡ್ತಾರ."

"ನಿಮ್ಮ ಮೈಯಾಗ ಸೀಟಿ ಊದೋನು ಅಂಜಿಬಿಟ್ಟಾನ. ಅಣ್ಣನ ಸಾವು ನೋಡಿ ಅಂಜ್ಯಾನ. ಬಾರು ಇಲ್ದಿದ್ರೂ ಊದ್ಲಿಕತ್ತಾನ. ಸೀಟಿ ಖರೇನೇ ಅದ. ಎದಿ ಹೊಡ್ಕೊಳ್ಳೋದು, ಬೆವರು, ಕೈ ಸೆಟಿಯೋದು, ಎಲ್ಲಾ ಖರೇ. ನಾಟಕ ಅಂತ ಯಾರೂ ಅನ್ನಬ್ಯಾಡ್ರಿ. ಬಾರು ಮಾತ್ರ ಇಲ್ಲ. ಇದಕ್ಕ ಪ್ಯಾನಿಕ್ ಅಟ್ಯಾಕ್ ಅಂತಾರ. ಭಾಳ ಮಂದಿಗಿ ಆಗ್ತದ."

"ಹಂಗಂದ್ರ ನನ್ನ ಮಗ ಹುಚ್ಚ ಆಗ್ಯಾನ ಅಂತೀರೇನು?" ಆಶಾಬಿ ಎದ್ದು ನಿಂತಳು.

"ಅಂಜಿಕಿ ಬಂದ್ರ ಹುಚ್ಚ ಅಂತಾರೇನಮ್ಮಾ? ಹಂಗಿದ್ರ ಈ ದವಾಖಾನಿನ್ಯಾಗ ಶಾಣ್ಯಾರು ಯಾರೂ ಇರಂಗಿಲ್ಲ. ಕುಂದ್ರಿ."

ಆಶಾಬಿ ಕುಳಿತಳು. ಅವಳ ಧ್ವನಿ ಸಣ್ಣದಾಯಿತು. "ಮತ್ತ ಖರೇ ಹಾರ್ಟಿಂದೇ ಬಂದ್ರ? ನನ್ನ ಹಿರಿ ಮಗಂಗ ಗ್ಯಾಸ್ ಅಂದು ಕಳಿಸ್ದಾಕಿ ನಾನು."

ಡಾಕ್ಟರು ಕುರ್ಚಿಯನ್ನು ಅವಳ ಕಡೆ ಎಳೆದುಕೊಂಡರು. "ಅದು ಮನ್ಯಾಗ ಕುಂತು ಯಾರಿಗೂ ತಿಳಿಯಂಗಿಲ್ಲಮ್ಮ. ಪಟ್ಟಿ ತೆಗೀದೆ ನನಗೂ ತಿಳಿಯಂಗಿಲ್ಲ. ಅದಕ್ಕೇ ಮೊದಲ ಅದನ್ನ ನೋಡೀವಿ, ಆಮ್ಯಾಲ ಇದನ್ನ ಹೇಳ್ಲಿಕತ್ತೀನಿ. ಮುಂದ ಯಾವಾಗರೆ ನಡೆದಾಗ, ಭಾರ ಹೊತ್ತಾಗ ಎದಿ ಹಿಡಿದ್ರ, ನೋವು ತೋಳಿಗಿ ದವಡಿಗಿ ಏರಿದ್ರ, ಎಚ್ಚರ ತಪ್ಪಿದ್ರ, ವಿಚಾರ ಮಾಡ್ಕೋತ ಕುಂದ್ರಬ್ಯಾಡ್ರಿ. ಸೀದಾ ಬರ್ರಿ."

"ಇದು ಬಂದಾಗ ನಾ ಏನು ಮಾಡ್ಲಿ?" ಎಂದ ಮತೀನ.

"ಓಡಬ್ಯಾಡ್ರಿ. ಎಲ್ಲಿ ಇದ್ದೀರೋ ಅಲ್ಲೇ ಕುಂದ್ರಿ, ಕಾಲು ನೆಲಕ್ಕ ಊರ್ರಿ. ಇದು ಅದೇ, ಮೊದ್ಲೂ ಬಂದಿತ್ತು, ಹೋಗಿತ್ತು ಅನ್ಕೋರಿ. ಮೂಗಿನಿಂದ ಉಸುರು ಹಗುರಕ ತಗೋರಿ. ಬಿಸಿ ಚಾ ಊದ್ತೀರಲ್ಲ, ಹಂಗ ಬಾಯಿಂದ ಇನ್ನಾ ಹಗುರಕ ಬಿಡ್ರಿ. ಸುತ್ತ ಏನೇನದ ನೋಡಿ ಹೆಸರು ಹೇಳ್ರಿ. ನಾಡಿ ಹಿಡಿಯೋದು ಬಿಡ್ರಿ. ಎಲ್ಲೆಲ್ಲಿ ಹೋಗೋದು ಬಿಟ್ಟೀರೋ ಅಲ್ಲೆಲ್ಲ ಸ್ವಲ್ಪ ಸ್ವಲ್ಪ ತಿರುಗಿ ಹೋಗ್ರಿ. ಗುಳಿಗಿ ಬರದೀನಿ, ಕಲಬುರಗಿನ್ಯಾಗ ಇದನ್ನ ನೋಡೋ ಡಾಕ್ಟರ್ ಹೆಸರೂ ಬರದೀನಿ." ಆಮೇಲೆ ಆಶಾಬಿಗೆ, "ಅಮ್ಮಾ, ನೀವು ಅವರ ಎದಿ ಮ್ಯಾಲ ಕೈ ಇಡೋದು ಬಿಡಬೇಕು. ನಿಮ್ಮ ಕೈ ನೋಡಿದ ಕೂಡ್ಲೇ ಸೀಟಿ ಊದ್ತದ" ಎಂದರು.

"ತಾಯಿ ಕೈ ಕೂಡ ಬ್ಯಾನಿ ಆತೇನು!" ಎಂದು ಆಶಾಬಿ ಆಟೋದಲ್ಲಿ ಮನೆಯ ತನಕ ಗೊಣಗಿದಳು.

"ದಾದಿ, ನಿಮಗೂ ಅದೇ ಅಂತ ಡಾಕ್ಟರ್ ಕಣ್ಣಾಗೇ ಹೇಳ್ಯಾರ" ಎಂದಳು ಶಗುಫ್ತಾ.

"ನನಗೇನೂ ಇಲ್ಲ. ಮುಚ್ಚು ಬಾಯಿ."

*

ಉಳಿದ ಅಂಜಿಕೆ ಗೋರಿಯದು. ಅದಕ್ಕೆ ಡಾಕ್ಟರ ಹತ್ತಿರ ಔಷಧವಿಲ್ಲವೆಂದು ಆಶಾಬಿ ಬಗೆದಳು. ಮಸೀದಿಯ ಇಮಾಮರಾದ ಅಬ್ದುಲ್ ಕರೀಮ್ ಹಜರತರು ಶುಕ್ರವಾರ ಮನೆಗೆ ಕುರಾನ್ ಓದಲು ಬಂದಾಗ, ಪರದೆಯ ಈಚೆ ನಿಂತು ಎಲ್ಲವನ್ನೂ ಹೇಳಿಬಿಟ್ಟಳು.

ಹಜರತರು ಗಡ್ಡ ನೀವಿಕೊಂಡು ಕೇಳಿದರು. "ಯಾರ ಕಿತಾಬಿನ್ಯಾಗ ಅದ ಈ ಮಾತು?"

"ಕಮರುನ್ನೀಸಾ ತವರಿನ ಕಡಿ..."

"ಕಮರುನ್ನೀಸಾ ತವರಿನ ಮಾತು ದೀನ್ ಅಲ್ಲ, ಧರ್ಮ ಅಲ್ಲ, ಆಶಾಬೀ. ನಾ ಎಷ್ಟು ಗೋರಿನ್ಯಾಗ ಇಳ್ದೀನಿ, ಎದ್ದೀನಿ. ಒಂದೂ ನನ್ನ ಗುರ್ತ ಹಿಡಿದಿಲ್ಲ. ಗೋರಿಗಿ ಬಾಯಿಲ್ಲ. ಕರಿಯೋನು ಒಬ್ಬನೇ. ಅವನು ಕರದ್ರ ಮಂಚದ ಮ್ಯಾಲ ಮಲಗಿದವನೂ ಹೋಗ್ತಾನ, ಕರೀದಿದ್ರ ಗೋರಿನ್ಯಾಗ ನಿಂತವನೂ ಎದ್ದು ಬರ್ತಾನ. ಇಲಾಜು ಮಾಡ್ಸು ಅಂತನೂ ಅವನೇ ಹೇಳ್ಯಾನ. ಡಾಕ್ಟರ್ ಹೇಳಿದ್ದು ಮಾಡ್ಸು, ದುವಾನೂ ಮಾಡು."

ಮೂಲೆಯಲ್ಲಿ ಕುಳಿತಿದ್ದ ಮತೀನ ಇದನ್ನೆಲ್ಲ ಕೇಳಿದ. ರಾತ್ರಿ ಊಟಕ್ಕೆ ಕುಳಿತಾಗ ತಾನಾಗಿ ಬಾಯಿ ಬಿಟ್ಟ.

"ಅಬ್ಬಾ, ನಾ ಭಾಯಿಗಿ ಇಳಿಸ್ಲಿಲ್ಲ. ಬಿಟ್ಟು ಎದ್ದು ಬಂದೆ."

ಗುಲಾಮ ದಸ್ತಗೀರ ರೊಟ್ಟಿ ಮುರಿಯುತ್ತಿದ್ದವನು ನಿಲ್ಲಿಸಿದ. "ನಾ ಇಳಿಲೇ ಇಲ್ಲ. ಅಪ್ಪ ಆದವ ಮ್ಯಾಲೇ ನಿಂತಿದ್ದೆ, ಮೊಣಕಾಲು ಮಡಚಲಿಲ್ಲ. ನೀ ಇಳಿಯೋದಾದ್ರೂ ಇಳ್ದಿ. ಉಣ್ಣು." ಒಂದು ತುತ್ತು ಬಾಯಿಗಿಟ್ಟು, "ಮತ್ತ ಏ ಆಶಾ, ಡಾಕ್ಟರ್ ಉಪ್ಪು ಬ್ಯಾಡ ಅಂದಿಲ್ಲಂತ ನಿನ್ನ ಮೊಮ್ಮಗಳು ಹೇಳ್ಯಾಳ" ಎಂದ.

ಮರುದಿನ ಬೇಳೆಗೆ ಉಪ್ಪು ಬಿತ್ತು.

ಅಷ್ಟರಿಂದ ಎಲ್ಲ ಸರಿಹೋಯಿತೆಂದಲ್ಲ. ಶಗುಫ್ತಾ ಕಾಲೇಜಿಗೆ ಹೊರಡುವಾಗ ಮತೀನ ಅವಳ ಜೊತೆ ಓಣಿಯ ತಿರುವಿನ ತನಕ ನಡೆಯತೊಡಗಿದ. ಒಂದು ದಿನ ಹೋಗುವನು, ಮರುದಿನ ಕಟ್ಟೆಯಿಂದಲೇ ತಿರುಗುವನು. ತಿರುವಿನಲ್ಲಿ ಅಂಜಿಕೆ ಏರಿ ಬಂದಾಗ ಅಲ್ಲೇ ಕಲ್ಲಿನ ಮೇಲೆ ಕುಳಿತು ಊದುವನು. "ಚಾಚಾ, ಏನೇನು ಕಾಣ್ತದ ಹೇಳು" ಎನ್ನುವಳು ಹುಡುಗಿ. "ಆಡು... ನಳ... ಕಮರುನ್ನೀಸಾ ಖಾಲಾ ಕಿಟಕಿನ್ಯಾಗ ಇಣಕಾಕತ್ತಾಳ" ಎನ್ನುವನು. ಇಬ್ಬರೂ ನಗುವರು. ಒಂದು ವಾರ ಚೆನ್ನಾಗಿ ಹೋಗಿ, ಮತ್ತೆ ಒಂದು ಮುಂಜಾನೆ ಬಚ್ಚಲಲ್ಲಿ ಕುಸಿದ. ಆಶಾಬಿ ಓಡಿ ಹೋಗಿ ಕೈ ಚಾಚಿದವಳು, ಮಗನ ಎದೆಯ ಹತ್ತಿರ ಕೈ ತಡೆದು, ತನ್ನ ಸೆರಗನ್ನೇ ಸುರುಳಿ ಸುತ್ತಿ ಹಿಡಿದು ನಿಂತಳು. ಅದೆಷ್ಟು ಕಷ್ಟದ ಕೆಲಸವೆಂದು ಅವಳಿಗೇ ಗೊತ್ತು. ಅವನು ಊದುತ್ತ ಊದುತ್ತ ತಾನೇ ಎದ್ದ. ಆ ದಿನ ಕಾರಖಾನೆಗೂ ಹೋಗಿ, ಯಂತ್ರದಿಂದ ದೂರ ಲಾರಿಗೆ ಕಲ್ಲು ಎಣಿಸಿ ಹಾಕಿಸುವ ಕೆಲಸ ಕೇಳಿ ಬಂದ.

*

ನಲವತ್ತರ ಫಾತಿಹಾ ಬಂತು. ಗಂಡಸರು ಕಬರಸ್ತಾನಕ್ಕೆ ಹೋಗಿ ಬಂದ ಮೇಲೆ ಊಟ. ಮತೀನ ಮೀಸಲು ಬಟ್ಟೆ ತೊಟ್ಟು ಟೊಪ್ಪಿಗೆ ಹಾಕಿಕೊಂಡ.

"ಕಬರಸ್ತಾನದ ಒಳಗ ಬರ್ತದೇನೋ ಅಮ್ಮೀ."

ಹೋಗಬೇಡ ಎಂಬ ಮಾತು ಆಶಾಬಿಯ ನಾಲಿಗೆಯ ತುದಿಯಲ್ಲಿತ್ತು. "ಬಂದ್ರ ಕುಂದ್ರು. ನಿನ್ನಬ್ಬಾ ಬಾಜೂಕ ಇರ್ತಾನ" ಎಂದಳು.

ಅವರು ಓಣಿ ದಾಟಿದರು. ಆಶಾಬಿ ಖೀರಿನ ಪಾತ್ರೆಯ ಮುಂದೆ ಕುಳಿತು ಸೌಟು ಆಡಿಸಿದಳು. ಈಗ ಗೋಡೆಯ ಹತ್ತಿರ ಇದ್ದಾರು. ಈಗ ಬಾಗಿಲ ಒಳಗೆ ಹೋದರು. ಈಗ ಅಲ್ಲಿ ನಿಂತಾನು. ಹೊರಗೆ ಒಂದು ಆಟೋ ನಿಂತ ಸದ್ದಾಯಿತು. ಅವಳ ಎದೆ ಧಸಕ್ಕೆಂದಿತು. ಆಟೋ ಮುಂದೆ ಹೋಯಿತು, ಆದರೆ ಎದೆ ನಿಲ್ಲಲಿಲ್ಲ. ಗಂಟಲಲ್ಲಿ ಉಂಡೆ ಏರಿತು. ಬೆರಳಲ್ಲಿ ಇರುವೆ ಹರಿದವು. ಸೌಟು ಕೈಯಿಂದ ಜಾರಿ ಖೀರಿನಲ್ಲಿ ಮುಳುಗಿತು. ಕಣ್ಣಿಗೆ ಒಲೆ ದೂರ ದೂರ ಹೋಯಿತು. ನಯೀಮನ ಹಾಗೆ, ಮೆಟ್ಟಿಲ ಮೇಲೆ ಬಿದ್ದವನ ಹಾಗೆ, ಈಗ ತಾನು. ಮಗ ಮನೆಗೆ ಬರುವ ಹೊತ್ತಿಗೆ ತನ್ನ ಹೆಣ.

"ಶೈಸ್ತಾ..."

ಶೈಸ್ತಾ ಒಳಕೋಣೆಯಿಂದ ಬಂದು ಎದುರು ಕುಳಿತಳು. ಉಪ್ಪಿಲ್ಲದ ಸಾರಿನ ಜಗಳದ ನಂತರ ಅತ್ತೆ ಸೊಸೆ ಬೇಕಾದಷ್ಟೇ ಮಾತಾಡಿಕೊಂಡಿದ್ದರು.

"ಕೈ ಜುಮ್ ಅನ್ನಾಕತ್ತಾವೇನು ಖಾಲಾ?"

ಆಶಾಬಿ ತಲೆ ಆಡಿಸಿದಳು.

"ನೋವು ತೋಳಿಗಿ ಏರ್ಯಾದೇನು? ದವಡಿಗಿ?"

"ಇಲ್ಲ. ಉಸುರು... ಉಸುರು ಸಿಗವಲ್ದು. ನಾ ಹೋಗ್ತೀನಿ ಶೈಸ್ತಾ."

"ಎಲ್ಲಿಗೂ ಹೋಗಂಗಿಲ್ಲ. ನಿಮ್ಮ ಪಟ್ಟಿ ಡಾಕ್ಟರ್ ನೋಡ್ಯಾರ. ಮತೀನಂಗ ಬರ್ತದಲ್ಲ, ಇದೂ ಅದೇ. ನನ್ನ ಮಾರಿ ನೋಡ್ರಿ. ಚಾ ಊದ್ದಂಗ ಊದ್ರಿ. ಹಗುರಕ. ಇನ್ನಾ ಹಗುರಕ. ಕಡಿಮಿ ಆಗ್ಲಿಲ್ಲಂದ್ರ ಈಗಿಂದೀಗ ದವಾಖಾನಿಗಿ ಒಯ್ಯಾಕ ಶಗುಫ್ತಾ ಅದಾಳ."

ಆಶಾಬಿ ಊದಿದಳು. ಮೊದಲು ಬರೀ ಬಿಕ್ಕಳಿಕೆ ಬಂತು. ಆಮೇಲೆ ಉದ್ದನೆಯ ಉಸಿರು. ಶೈಸ್ತಾ ಅವಳ ಜೊತೆ ತಾನೂ ಊದಿದಳು. ಶಗುಫ್ತಾ ಬಂದು ಬಾಗಿಲಲ್ಲಿ ನಿಂತು, ಖೀರು ತಳ ಹಿಡಿಯುವುದನ್ನು ಕಂಡು ಸದ್ದಿಲ್ಲದೆ ಒಲೆ ಸಣ್ಣ ಮಾಡಿದಳು. ಏರಿದ್ದು ನಿಂತಿತು, ನಿಂತದ್ದು ಇಳಿಯತೊಡಗಿತು. ಬೆರಳಲ್ಲಿ ಬಿಸಿ ಮರಳಿತು. ಆಶಾಬಿ ಸೊಸೆಯ ಬಳೆಯಿಲ್ಲದ ಬರಿಗೈ ಹಿಡಿದುಕೊಂಡು ಅತ್ತಳು.

"ಅವತ್ತ ಗ್ಯಾಸ್ ಅಂದೆ ನಾ. ನಿನ್ನ ಗಂಡಂಗ ಕಳಿಸಿಬಿಟ್ಟೆ."

"ನಾನೂ ಬುತ್ತಿ ಕಟ್ಟಿ ಕೊಟ್ಟೆ, ಖಾಲಾ" ಎಂದಳು ಶೈಸ್ತಾ. "ಯಾರಿಗಿ ಗೊತ್ತಿತ್ತು?"

ಗಂಡಸರು ಬಂದಾಗ ಮತೀನ ಹಿಂದೆ ಇದ್ದ. ಯಾರೂ ಅವನನ್ನು ಹಿಡಿದಿರಲಿಲ್ಲ. ಪೈಜಾಮದ ಮೊಣಕಾಲಿಗೆ ಮಣ್ಣು ಹತ್ತಿತ್ತು.

"ಬಂತು ಅಮ್ಮೀ" ಎಂದ. "ಗೋರಿ ಬಾಜೂಕೇ ಬಂತು. ಭಾಳ ಜೋರ್ ಬಂತು. ಅಲ್ಲೇ ಕುಂತೆ. ಹೋಗೋ ತನಕಾ ಭಾಯಿ ಹತ್ರ ಕುಂತಿದ್ದೆ."

"ಕುಂತಿದ್ದ" ಎಂದ ಗುಲಾಮ ದಸ್ತಗೀರ. "ಬಾಜೂಕ ಕುಂತ ನನ್ನ ಮೊಣಕಾಲು ಹಿಡ್ಕೊಂಡ್ರೂ ಏಳಗೊಡ್ಲಿಲ್ಲ ಮಗ."

ಆಶಾಬಿ ಮಗನ ಎದೆಯ ಕಡೆ ನೋಡಲಿಲ್ಲ. ಮುಖ ನೋಡಿದಳು. ಕಣ್ಣು ಕೆಂಪಾಗಿದ್ದವು. ಅತ್ತಿದ್ದ. ಅಣ್ಣ ಸತ್ತ ದಿನದಿಂದ ಅವನು ಅತ್ತದ್ದನ್ನು ಅವಳು ಕಂಡಿರಲಿಲ್ಲ.

ಹಜರತರು ಫಾತಿಹಾ ಓದಿ ಕೈ ಎತ್ತಿದರು. ಎಲ್ಲರೂ ಎತ್ತಿದರು. ಪರದೆಯ ಈಚೆ ಆಶಾಬಿಯೂ ಸೆರಗು ಎಳೆದುಕೊಂಡು ಎರಡೂ ಅಂಗೈ ಜೋಡಿಸಿ ಹಿಡಿದಳು. ಆಗ ಅವಳಿಗೆ ತಿಳಿಯಿತು: ಇಷ್ಟು ದಿನ ಐದೂ ಹೊತ್ತು ಕೈ ಎತ್ತಿದಾಗ ಬಾಯಿಗೆ ಬಂದದ್ದು ಮತೀನನ ಹೆಸರೊಂದೇ. ಇವನನ್ನು ಬಿಡು, ಇವನನ್ನು ಒಯ್ಯಬೇಡ, ಅಷ್ಟೇ. ಮಣ್ಣಿನಲ್ಲಿ ಮಲಗಿದವನಿಗಾಗಿ ಅವಳು ಒಂದು ಮಾತೂ ಬೇಡಿರಲಿಲ್ಲ. ಅಂಜಿಕೆ ಅಷ್ಟು ಜಾಗ ಹಿಡಿದಿತ್ತು.

ಯಾ ಅಲ್ಲಾಹ್, ನನ್ನ ನಯೀಮನನ್ನು ನಿನಗೆ ಒಪ್ಪಿಸಿದ್ದೇನೆ. ಅವನ ತಪ್ಪುಗಳನ್ನು ಮನ್ನಿಸು. ಅವನ ಗೋರಿಯನ್ನು ಅಗಲ ಮಾಡು, ಅದರೊಳಗೆ ಬೆಳಕು ಇಡು. ಅಲ್ಲಿ ಅವನಿಗೆ ಯಾವ ಅಂಜಿಕೆಯೂ ಬಾರದಿರಲಿ. ಅವನ ಎದೆ ಈಗ ತಣ್ಣಗಿರಲಿ. ಆಮೀನ್.